ಸೆರೆಯಲ್ಲಿ ಸತ್ತ ಸೈನಿಕನನ್ನು ನೆನೆಯುವುದು: ಕ್ಯಾಪ್ಟನ್ ಮತೀನ್ ಅಹ್ಮದ್ ಅನ್ಸಾರಿ

ಇವತ್ತು ಹೇಳಬೇಕೆಂದಿರುವುದು ಹೈದರಾಬಾದ್ ಸಂಸ್ಥಾನದ ಒಬ್ಬ ತರುಣ ಅಧಿಕಾರಿಯ ವಿಷಯ. ಹೆಸರು ಮತೀನ್ ಅಹ್ಮದ್ ಅನ್ಸಾರಿ. 5/7 ರಜಪೂತ್ ಪಲ್ಟನ್ನಿನಲ್ಲಿ ಕ್ಯಾಪ್ಟನ್. 1941ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗಿನಲ್ಲಿ ಜಪಾನೀಯರ ಕೈಗೆ ಸಿಕ್ಕರು. 1943ರ ಅಕ್ಟೋಬರಿನಲ್ಲಿ ಅದೇ ದ್ವೀಪದ ಸ್ಟ್ಯಾನ್ಲಿಯಲ್ಲಿ ಅವರ ತಲೆ ಕಡಿದರು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಅಂದಿನ ಹೈದರಾಬಾದ್ ಸಂಸ್ಥಾನದೊಳಗೆ ನಮ್ಮ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳೂ ಇದ್ದವು ಅನ್ನುವುದು ನಿಮಗೆ ಗೊತ್ತು. ಅಂದರೆ ಅಲ್ಲಿನ ಕನ್ನಡಿಗರೂ ಅನ್ಸಾರಿಯವರೂ ಒಂದೇ ಸಂಸ್ಥಾನದವರು. ಆದರೂ ಅವರ ಹೆಸರು ನಮ್ಮ ಕಿವಿಗೆ ಬಿದ್ದಿದ್ದು ಕಡಿಮೆ.

ಯುದ್ಧಕೈದಿ ಅಂದ ಕೂಡಲೇ ಕರ್ನಾಟಕದಲ್ಲಿ ಬಹಳ ಜನಕ್ಕೆ ನೆನಪಾಗುವುದು 1965ರ ಯುದ್ಧದ ಕೊನೆಯಲ್ಲಿ ವಿಮಾನ ಉರುಳಿ ಪಾಕಿಸ್ತಾನದ ಸೆರೆಯಾದ ಕೆ.ಸಿ. ಕಾರಿಯಪ್ಪ, ಜನರಲ್ ಕಾರಿಯಪ್ಪನವರ ಮಗ. ಅವರು ಮರಳಿ ಬಂದರು. ಮರಳಿ ಬಂದವರ ಕಥೆ ಉಳಿಯುತ್ತದೆ, ಹೇಳುವುದಕ್ಕೆ ಅವರೇ ಇರುತ್ತಾರೆ. ರಣರಂಗದಲ್ಲಿ ಬಿದ್ದವನಿಗೆ ಜೊತೆಯವರು ಸಾಕ್ಷಿ. ಸೆರೆಯಲ್ಲಿ ಸತ್ತವನ ವಿಷಯ ಬೇರೆ. ಅವನ ಸಾವನ್ನು ಬರೆದಿಟ್ಟುಕೊಳ್ಳಬೇಕಾದವನು ಅವನನ್ನು ಹಿಡಿದಿಟ್ಟವನೇ. ಅವನು ಬರೆಯದಿದ್ದರೆ, ಅಥವಾ ಯುದ್ಧ ಸೋಲುವ ಹೊತ್ತಿಗೆ ಬರೆದದ್ದನ್ನು ಸುಟ್ಟುಹಾಕಿದರೆ, ಆ ಸೈನಿಕ ಎರಡು ಸಲ ಕಾಣೆಯಾಗುತ್ತಾನೆ. ಆದ್ದರಿಂದ ಇಂಥವರನ್ನು ನೆನೆಯುವ ಕೆಲಸ ಹೂವು, ದೀಪ, ಭಾಷಣಗಳಿಗಿಂತ ಮೊದಲು ಕಾಗದಪತ್ರದ ಕೆಲಸ. ಹೆಸರು, ನಂಬರು, ಪಲ್ಟನ್, ತಾರೀಖು, ಜಾಗ, ಈ ಐದು ಸರಿಯಾಗಿರಬೇಕು. ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು 5/7 ಅಂದರೇನು ಅಂತ ಹೇಳಿಬಿಡುತ್ತೇನೆ. ಮುಂದೆ ನೀವೇ ದಾಖಲೆ ಹುಡುಕುವಾಗ ಇದು ಬೇಕಾಗುತ್ತದೆ. ಗೆರೆಯ ಬಲಕ್ಕಿರುವುದು ರೆಜಿಮೆಂಟಿನ ಸಂಖ್ಯೆ, ಎಡಕ್ಕಿರುವುದು ಬೆಟಾಲಿಯನ್. ಅಂದರೆ 7ನೇ ರಜಪೂತ್ ರೆಜಿಮೆಂಟಿನ 5ನೇ ಬೆಟಾಲಿಯನ್. ರಜಪೂತ್ ಅಂತ ಹೆಸರಿದ್ದರೂ ಆ ರೆಜಿಮೆಂಟಿನಲ್ಲಿ ರಜಪೂತರ ಜೊತೆಗೆ ಪಂಜಾಬಿ ಮುಸ್ಲಿಮರೂ ಇದ್ದರು. ಅಧಿಕಾರಿಗಳಲ್ಲಿ ಬ್ರಿಟಿಷರು ಹೆಚ್ಚು. ಅನ್ಸಾರಿಯವರಂಥ ಭಾರತೀಯ ಕ್ಯಾಪ್ಟನ್ನರು ಆಗ ಬೆರಳೆಣಿಕೆ.

ಹಾಂಗ್‌ಕಾಂಗಿನ ಯುದ್ಧ ನಡೆದದ್ದು 18 ದಿನ. 1941ರ ಡಿಸೆಂಬರ್ 8ರಂದು ಜಪಾನಿನ 38ನೇ ಡಿವಿಜನ್ ಉತ್ತರದ ಗಡಿ ದಾಟಿತು. ಮುಖ್ಯ ಭೂಭಾಗದಲ್ಲಿ ಬ್ರಿಟಿಷರು ಕಟ್ಟಿಕೊಂಡಿದ್ದ ರಕ್ಷಣಾಸಾಲಿನ ಮುಖ್ಯ ಠಾಣೆ ಶಿಂಗ್ ಮುನ್, ಮರುರಾತ್ರಿಯೇ ಬಿತ್ತು. ದ್ವೀಪಕ್ಕೆ ಹಿಂದೆ ಸರಿಯುವಾಗ ಕೊನೆಯವರೆಗೆ ಹಿಂಬದಿ ಕಾದವರು 5/7 ರಜಪೂತರು. 13ರ ಬೆಳಗ್ಗೆ ಡೆವಿಲ್ಸ್ ಪೀಕ್ ಬೆಟ್ಟದ ಕಡೆಯಿಂದ ಅವರನ್ನು ನೀರು ದಾಟಿಸಿದರು. ದಣಿದ ಅದೇ ಪಲ್ಟನ್ನಿಗೆ ದ್ವೀಪದ ಈಶಾನ್ಯ ದಂಡೆಯನ್ನು ಕಾಯುವ ಕೆಲಸ ಕೊಟ್ಟರು. 18ರ ರಾತ್ರಿ ಜಪಾನೀಯರು ದೋಣಿಗಳಲ್ಲಿ ಬಂದು ಇಳಿದದ್ದು ಸರಿಯಾಗಿ ಅಲ್ಲೇ. ಮೂರು ರೆಜಿಮೆಂಟುಗಳ ದಾಳಿಯನ್ನು ಮೊದಲು ಎದುರಿಸಿದ್ದು ಒಂದು ಬೆಟಾಲಿಯನ್. ದಂಡೆಯುದ್ದಕ್ಕೂ ಹರಡಿ ನಿಂತ ಚಿಕ್ಕ ಚಿಕ್ಕ ಗುಂಪುಗಳು, ಹಿಂದೆ ಕಡಿದಾದ ಗುಡ್ಡ, ನೆರವಿಗೆ ಬರುವವರಿಗೆ ದಾರಿ ದೂರ. ಪಲ್ಟನ್ ಅಲ್ಲೇ ನುಚ್ಚುನೂರಾಯಿತು. ಕ್ರಿಸ್ಮಸ್ ದಿನ, 25ರ ಮಧ್ಯಾಹ್ನ, ಹಾಂಗ್‌ಕಾಂಗ್ ಶರಣಾಯಿತು. ಉಳಿದವರೆಲ್ಲ ಕೈದಿಗಳು.

ಜಪಾನೀಯರು ಮೊದಲು ಮಾಡಿದ ಕೆಲಸ ಕೈದಿಗಳನ್ನು ಬೇರೆಬೇರೆ ಮಾಡಿದ್ದು. ಬ್ರಿಟಿಷ್ ಸಿಪಾಯಿಗಳು ಶಾಮ್ ಶುಯಿ ಪೋದಲ್ಲಿ, ಅಧಿಕಾರಿಗಳು ಆಮೇಲೆ ಆರ್ಗೈಲ್ ಸ್ಟ್ರೀಟಿನಲ್ಲಿ, ಭಾರತೀಯರು ಮಾ ಟೌ ಚುಂಗ್ ಶಿಬಿರದಲ್ಲಿ, ನಾಗರಿಕರು ಸ್ಟ್ಯಾನ್ಲಿಯಲ್ಲಿ. ಭಾರತೀಯರನ್ನು ಪ್ರತ್ಯೇಕಿಸಿದ್ದರ ಉದ್ದೇಶ ಬೇರೆ ಇತ್ತು: ಅವರನ್ನು ತಮ್ಮ ಕಡೆಗೆ ಒಲಿಸಿಕೊಳ್ಳಬೇಕು, ಕಾವಲು ಕೆಲಸಕ್ಕೆ ಬಳಸಬೇಕು, ಬ್ರಿಟಿಷರ ವಿರುದ್ಧ ಎತ್ತಿಕಟ್ಟಬೇಕು.

ಇಲ್ಲಿ ಕಾನೂನಿನ ಮಾತು ಸ್ವಲ್ಪ. ಆಗ ಜಾರಿಯಲ್ಲಿದ್ದದ್ದು 1929ರ ಜಿನೀವಾ ಒಪ್ಪಂದ. ಅದರ ಪ್ರಕಾರ ಕೈದಿ ಹೇಳಬೇಕಾದದ್ದು ತನ್ನ ನಿಜವಾದ ಹೆಸರು, ಜೊತೆಗೆ ದರ್ಜೆ ಇಲ್ಲವೇ ನಂಬರು. ಅಷ್ಟೇ. ಬಾಯಿ ಬಿಡಿಸುವುದಕ್ಕೆ ಬಲಪ್ರಯೋಗ ಮಾಡುವಂತಿಲ್ಲ, ಯುದ್ಧಕ್ಕೆ ನೇರ ಸಂಬಂಧಪಟ್ಟ ದುಡಿಮೆಗೆ ಹಚ್ಚುವಂತಿಲ್ಲ. ಜಪಾನ್ ಅದಕ್ಕೆ ಸಹಿ ಹಾಕಿತ್ತು, ಆದರೆ ಅನುಮೋದಿಸಿರಲಿಲ್ಲ. 1942ರಲ್ಲಿ, ಅಗತ್ಯ ಬದಲಾವಣೆಗಳೊಂದಿಗೆ ಪಾಲಿಸುತ್ತೇವೆ ಅಂದಿತು. ಆ ‘ಬದಲಾವಣೆ’ಯೊಳಗೆ ಏನು ಬೇಕಾದರೂ ಹಿಡಿಯುತ್ತಿತ್ತು.

ಅನ್ಸಾರಿಯವರ ವಿಷಯದಲ್ಲಿ ನಡೆದದ್ದನ್ನು, ಅವರಿಗೆ ಆಮೇಲೆ ಬಂದ ಜಾರ್ಜ್ ಕ್ರಾಸ್ ಅನ್ನುವ ಬ್ರಿಟಿಷ್ ಶೌರ್ಯಪದಕದ ಪ್ರಶಸ್ತಿಪತ್ರ ಹಂತಹಂತವಾಗಿ ಹೇಳುತ್ತದೆ. ಮೊದಮೊದಲು ಅವರನ್ನು ತಕ್ಕಮಟ್ಟಿಗೆ ಚೆನ್ನಾಗಿಯೇ ನೋಡಿಕೊಂಡರು. ಆಮೇಲೆ ಈತ ಭಾರತದ ದೊಡ್ಡ ಸಂಸ್ಥಾನವೊಂದರ ಅರಸರಿಗೆ ಹತ್ತಿರದ ನೆಂಟ ಅನ್ನುವುದು ತಿಳಿಯಿತು. ಹೈದರಾಬಾದಿನ ನಿಜಾಮರ ಕಡೆಯ ತರುಣ ತಮ್ಮ ಪರವಾಗಿ ನಿಂತರೆ ಶಿಬಿರದ ಸಿಪಾಯಿಗಳ ಮೇಲೆ ಆಗುವ ಪರಿಣಾಮ ಏನೆಂದು ಜಪಾನೀಯರಿಗೆ ಗೊತ್ತಿತ್ತು. ಬ್ರಿಟಿಷರಿಗೆ ಕೊಟ್ಟ ನಿಷ್ಠೆಯನ್ನು ಬಿಡು, ಭಾರತೀಯ ಕೈದಿಗಳಲ್ಲಿ ಅಸಮಾಧಾನ ಎಬ್ಬಿಸು ಅಂದರು. ಅನ್ಸಾರಿ ಒಪ್ಪಲಿಲ್ಲ. 1942ರ ಮೇ ತಿಂಗಳಲ್ಲಿ ಸ್ಟ್ಯಾನ್ಲಿ ಜೈಲಿಗೆ ಹಾಕಿದರು. ಉಪವಾಸ ಕೆಡವಿದರು, ಹೊಡೆದರು. ಶಿಬಿರಕ್ಕೆ ವಾಪಸ್ಸು ತಂದರು. ಅದೇ ಮಾತು ಕೇಳಿದರು, ಅದೇ ಉತ್ತರ ಬಂತು. ಮತ್ತೆ ಜೈಲು. ಈ ಸಲ ಐದು ತಿಂಗಳು, ಹಸಿವು ಮತ್ತು ಚಿತ್ರಹಿಂಸೆ. ಮತ್ತೆ ಶಿಬಿರ. ಈ ಕ್ರಮವನ್ನು ಗಮನಿಸಿ. ಒಂದೇ ಸಲದ ಕೆಚ್ಚು ಬೇರೆ. ಇಲ್ಲಿ ಅವರಿಗೆ ಪ್ರತಿ ಸಲವೂ ಹೊರಬರುವ ದಾರಿ ತೆರೆದಿತ್ತು, ಪ್ರತಿ ಸಲವೂ ಒಳಗೇನಿದೆ ಅನ್ನುವುದು ಮೊದಲಿಗಿಂತ ಚೆನ್ನಾಗಿ ಗೊತ್ತಿತ್ತು.

ಉಪವಾಸ ಕೆಡವುವುದು ಅನ್ನುವ ಮಾತನ್ನು ನಾವು ಓದಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಂತು ನೋಡೋಣ. ಪೂರ್ವದೇಶದ ಈ ಶಿಬಿರಗಳಲ್ಲಿ ಊಟದ ಬುನಾದಿ ಪಾಲಿಶ್ ಮಾಡಿದ ಬಿಳಿ ಅಕ್ಕಿ, ಜೊತೆಗೆ ನೀರಿನಂಥ ಸೊಪ್ಪಿನ ಸಾರು. ಅಕ್ಕಿಯ ಬಿ1 ಜೀವಸತ್ವ ಇರುವುದು ತೌಡಿನಲ್ಲಿ ಮತ್ತು ಮೊಳಕೆಯ ಭಾಗದಲ್ಲಿ. ಪಾಲಿಶ್ ಮಾಡಿದಾಗ ಅದು ಹೋಗುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಒಂದು ಮಿಲಿಗ್ರಾಮಿನಷ್ಟು, ಅಷ್ಟೇ. ಆದರೆ ಮೈಯಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕೆ ಮಾತ್ರ ಸಾಕು. ಬರೀ ಅನ್ನ ತಿನ್ನುವವನಿಗೆ ಬಿ1 ಇನ್ನೂ ಹೆಚ್ಚು ಬೇಕು, ಯಾಕೆಂದರೆ ಪಿಷ್ಟವನ್ನು ಮೈಗೆ ಹಿಡಿಸುವ ಕೆಲಸಕ್ಕೇ ಅದು ಖರ್ಚಾಗುತ್ತದೆ. ದಾಸ್ತಾನು ಮುಗಿದ ಮೇಲೆ ಬರುವುದು ಬೆರಿಬೆರಿ. ಒಂದು ಬಗೆಯಲ್ಲಿ ಪಾದ ಜುಮ್ಮೆನ್ನುತ್ತದೆ, ಉರಿಯುತ್ತದೆ, ಕಾಲು ಸೋಲುತ್ತದೆ. ಇನ್ನೊಂದರಲ್ಲಿ ಕಾಲು ಊದುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಮೇಲೇಳುವುದಿಲ್ಲ. ನೀರು ಮೇಲೇರುತ್ತ ಹೃದಯಕ್ಕೆ ಬಂದರೆ ಮನುಷ್ಯ ಕೂತಲ್ಲೇ ಹೋಗುತ್ತಾನೆ. ನಮ್ಮ ಕರಾವಳಿಯ ಕುಚ್ಚಲಕ್ಕಿ ತಿಂದವರಿಗೆ ಈ ಅಪಾಯ ಕಡಿಮೆ. ಭತ್ತವನ್ನು ನೆನೆಸಿ ಬೇಯಿಸುವಾಗ ತೌಡಿನ ಸತ್ವ ಕಾಳಿನೊಳಕ್ಕೆ ಇಳಿದಿರುತ್ತದೆ, ಆಮೇಲೆ ಸಿಪ್ಪೆ ತೆಗೆದರೂ ಪೂರ್ತಿ ಹೋಗುವುದಿಲ್ಲ. ಒಂದಿಷ್ಟು ತೌಡು, ಒಂದು ಹಿಡಿ ಕಾಳು ಕೊಟ್ಟಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಹಾಂಗ್‌ಕಾಂಗಿನ ಶಿಬಿರಗಳಿಗೆ ರೆಡ್‌ಕ್ರಾಸ್ ಪೊಟ್ಟಣಗಳು ಮೊದಲ ಸಲ ತಲುಪಿದ್ದು 1942ರ ನವೆಂಬರಿನಲ್ಲಿ, ಶರಣಾಗಿ ಹನ್ನೊಂದು ತಿಂಗಳು ಕಳೆದ ಮೇಲೆ. ಶಿಬಿರದ ಪರಿಸ್ಥಿತಿಯೇ ಹೀಗಿರುವಾಗ ಜೈಲಿನ ಕೋಣೆಯಲ್ಲಿ ಬೇಕೆಂದೇ ಹಸಿವಿಗೆ ಹಾಕಿದವನ ಸ್ಥಿತಿ ಹೇಗಿದ್ದಿರಬೇಕು, ನೀವೇ ಅಂದಾಜು ಮಾಡಿ.

ಅಲ್ಲಿಂದ ಹೊರಬಂದ ಅನ್ಸಾರಿ ಸುಮ್ಮನೆ ಬದುಕಿ ಉಳಿಯುವ ದಾರಿ ನೋಡಬಹುದಿತ್ತು. ಅವರು ಮಾಡಿದ್ದು ಬೇರೆಯವರು ತಪ್ಪಿಸಿಕೊಳ್ಳುವುದಕ್ಕೆ ಏರ್ಪಾಡು. ಚೀನಾದ ಒಳನಾಡಿನಲ್ಲಿ ಆಗ ಬ್ರಿಟಿಷ್ ಆರ್ಮಿ ಏಡ್ ಗ್ರೂಪ್ ಅನ್ನುವ ಸಂಘಟನೆ ಇತ್ತು. 1942ರ ಜನವರಿಯಲ್ಲಿ ಶಾಮ್ ಶುಯಿ ಪೋ ಶಿಬಿರದಿಂದ ತಪ್ಪಿಸಿಕೊಂಡ ಲಿಂಡ್ಸೆ ರೈಡ್ ಅದನ್ನು ಕಟ್ಟಿದವರು. ಶಿಬಿರಗಳಿಗೆ ಔಷಧಿ ಕಳಿಸುವುದು, ಸುದ್ದಿ ತರಿಸುವುದು, ತಪ್ಪಿಸಿಕೊಂಡವರನ್ನು ದಾಟಿಸುವುದು ಅದರ ಕೆಲಸ. ಚೀಟಿಗಳು ಒಳಹೊರಗೆ ಹೋಗುತ್ತಿದ್ದುದು ಮುಖ್ಯವಾಗಿ ರೇಷನ್ ಲಾರಿಗಳ ಚೀನೀ ಚಾಲಕರ ಕೈಯಲ್ಲಿ. ಇಂಥ ಜಾಲದ ದೌರ್ಬಲ್ಯವೂ ಅಲ್ಲೇ ಇರುತ್ತದೆ. ಒಬ್ಬ ಚಾಲಕ ಸಿಕ್ಕಿಬಿದ್ದರೆ, ಒಂದು ಚೀಟಿ ಸಿಕ್ಕರೆ, ಕೊಟ್ಟವನೂ ತೆಗೆದುಕೊಂಡವನೂ ಇಬ್ಬರೂ ಬಯಲು. 1943ರ ನಡುವಿನಲ್ಲಿ ಕೆಂಪೆಯ್‌ಟಾಯ್, ಅಂದರೆ ಜಪಾನಿ ಸೇನೆಯ ಪೊಲೀಸರು, ಶಿಬಿರಗಳಲ್ಲೂ ಊರಿನಲ್ಲೂ ಒಬ್ಬೊಬ್ಬರನ್ನೇ ಹಿಡಿಯುತ್ತ ಬಂದರು. ಚೀನೀಯರು, ಬ್ರಿಟಿಷರು, ಭಾರತೀಯರು, ಎಲ್ಲರೂ ಇದ್ದರು. ಆ ಚೀನೀ ಚಾಲಕರ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅವರು ಯಾವ ಸೇನೆಗೂ ಪ್ರಮಾಣ ಮಾಡಿದವರಲ್ಲ, ಕೈದಿಗಳ ರಕ್ಷಣೆಗೆಂದು ಬರೆದ ಒಪ್ಪಂದ ಅವರ ಹೆಸರನ್ನೂ ಎತ್ತುವುದಿಲ್ಲ. ಗೊತ್ತಿದ್ದೂ ಮಾಡಿದರು. ಅನ್ಸಾರಿಯವರನ್ನು ನೆನೆಯುವ ದಿನ ಅವರನ್ನೂ ನೆನೆಯಬೇಕು.

ಮೂವತ್ತಕ್ಕೂ ಹೆಚ್ಚು ಜನರ ಜೊತೆಗೆ ಅನ್ಸಾರಿಯವರಿಗೆ ಮರಣದಂಡನೆಯಾಯಿತು. ಪ್ರಶಸ್ತಿಪತ್ರದಲ್ಲಿರುವ ತಾರೀಖು 1943ರ ಅಕ್ಟೋಬರ್ 20. ಆದರೆ ಸ್ಟ್ಯಾನ್ಲಿಯ ಕಡಲತೀರದಲ್ಲಿ 33 ಜನರನ್ನು ಒಟ್ಟಿಗೆ ಕೊಂದದ್ದು ಅಕ್ಟೋಬರ್ 29ರಂದು. ವಸಾಹತು ಸರ್ಕಾರದ ಅಧಿಕಾರಿ ಜಾನ್ ಫ್ರೇಸರ್ ಅವರಲ್ಲೊಬ್ಬರು, ಅವರಿಗೂ ಮರಣೋತ್ತರ ಜಾರ್ಜ್ ಕ್ರಾಸ್ ಬಂತು. ಅನ್ಸಾರಿಯವರ ತಾರೀಖನ್ನೂ 29 ಅಂತ ಬರೆಯುವವರಿದ್ದಾರೆ. ಇಂಥ ಕಡೆ ಏನು ಮಾಡಬೇಕು? ತಮಗೆ ಸರಿ ಕಂಡದ್ದನ್ನು ಹಾಕಿ ಇನ್ನೊಂದನ್ನು ಅಳಿಸಬಾರದು. ಯಾವ ಕಾಗದ ಯಾವ ತಾರೀಖು ಹೇಳುತ್ತದೆ ಅಂತ ಎರಡನ್ನೂ ಬರೆದಿಡಬೇಕು. ಕಲ್ಲಿನ ಮೇಲೆ ಕೆತ್ತಿಸುವುದಾದರೆ ‘1943 ಅಕ್ಟೋಬರ್’ ಅಂದರೆ ಸಾಕು, ಅದು ಸುಳ್ಳಾಗುವುದಿಲ್ಲ.

ಸ್ಟ್ಯಾನ್ಲಿಯ ಮಿಲಿಟರಿ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ದಂಡಿನವರಿಗೆಂದು ಶುರುವಾದ ಸ್ಮಶಾನ ಅದು. ಬಹಳ ಕಾಲ ಬಳಕೆಯಲ್ಲಿರಲಿಲ್ಲ. ಜಪಾನೀಯರ ಕಾಲದಲ್ಲಿ ಪಕ್ಕದ ಶಿಬಿರದಲ್ಲಿ ಸತ್ತವರನ್ನು ಹೂಳುವುದಕ್ಕೆ ಮತ್ತೆ ತೆರೆಯಬೇಕಾಯಿತು. ಜೈಲೂ ಹತ್ತಿರವೇ. 1937ರಲ್ಲಿ ಶುರುವಾದ ಆ ಜೈಲು ಇವತ್ತಿಗೂ ಜೈಲೇ.

1946ರ ಏಪ್ರಿಲ್‌ನಲ್ಲಿ ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಘೋಷಣೆಯಾಯಿತು. ವಿಕ್ಟೋರಿಯಾ ಕ್ರಾಸ್ ಯಾಕೆ ಕೊಡಲಿಲ್ಲ ಅಂತ ಕೇಳುವವರಿದ್ದಾರೆ. ಅದು ಶತ್ರುವಿನ ಎದುರು ಹೋರಾಡುವಾಗಿನ ಸಾಹಸಕ್ಕೆ. ಸೆರೆಯಲ್ಲಿದ್ದವನು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಉಳಿದ ಬಗೆಯ ಸಾಹಸಕ್ಕೆಂದು 1940ರಲ್ಲಿ ಸ್ಥಾಪಿಸಿದ್ದು ಜಾರ್ಜ್ ಕ್ರಾಸ್. ಎರಡಕ್ಕೂ ಸಮಾನ ಗೌರವ. ಸೆರೆಯಲ್ಲಿ ಹೀಗೆಯೇ ಚಿತ್ರಹಿಂಸೆ ತಿಂದು ಅದನ್ನು ಪಡೆದ ಇನ್ನೊಬ್ಬರು ಬಹಾವಲ್‌ಪುರ್ ಪಡೆಯ ಕ್ಯಾಪ್ಟನ್ ಮಹಮೂದ್ ಖಾನ್ ದುರ್ರಾನಿ. ಅವರು ಬದುಕಿ ಬಂದರು.

ಇನ್ನು, ಅನ್ಸಾರಿ ಯಾಕೆ ಮರೆತುಹೋದರು ಅನ್ನುವ ಪ್ರಶ್ನೆ. ಪದಕ ಘೋಷಣೆಯಾಗಿ ಒಂದು ವರ್ಷ ನಾಲ್ಕು ತಿಂಗಳಿಗೆ ದೇಶ ಸ್ವತಂತ್ರವಾಯಿತು, ಜೊತೆಗೆ ಇಬ್ಭಾಗವಾಯಿತು. ಹೊಸ ದೇಶಕ್ಕೆ ಬೇಕಾಗಿದ್ದ ವೀರರು ಬ್ರಿಟಿಷರ ವಿರುದ್ಧ ನಿಂತವರು. ಬ್ರಿಟಿಷರ ಪದಕ ಪಡೆದ, ಅವರಿಗೆ ಕೊಟ್ಟ ಪ್ರಮಾಣಕ್ಕೆ ಕಟ್ಟುಬಿದ್ದು ಸತ್ತ ಹೈದರಾಬಾದಿನ ಮುಸ್ಲಿಂ ಅಧಿಕಾರಿಯನ್ನು ಎಲ್ಲಿ ಕೂರಿಸುವುದು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಇದನ್ನು ಹೇಳುವಾಗ ನೇತಾಜಿಯವರ ಸೇನೆಯ ಮಾತು ಬರಲೇಬೇಕು. 1942ರ ಫೆಬ್ರವರಿ 17ರಂದು ಸಿಂಗಪುರದ ಫ್ಯಾರರ್ ಪಾರ್ಕಿನಲ್ಲಿ ನಲವತ್ತು ಸಾವಿರಕ್ಕೂ ಮೇಲ್ಪಟ್ಟ ಭಾರತೀಯ ಕೈದಿಗಳನ್ನು ಸೇರಿಸಿ ಆಜಾದ್ ಹಿಂದ್ ಫೌಜಿಗೆ ಬನ್ನಿ ಅಂದರು. ಸಾವಿರಾರು ಜನ ಸೇರಿದರು, ಸಾವಿರಾರು ಜನ ಸೇರಲಿಲ್ಲ. ಸೇರಿದವರಲ್ಲಿ ದೇಶದ ಬಿಡುಗಡೆಗಾಗಿಯೇ ಸೇರಿದವರಿದ್ದರು. ಸೇರದವರು ದೇಶದ್ರೋಹಿಗಳಾಗಿರಲಿಲ್ಲ, ಆಡಿದ ಮಾತು ಮುರಿಯಬಾರದು, ಜೊತೆಯ ಕೈದಿಗಳನ್ನು ಬಿಟ್ಟುಕೊಡಬಾರದು ಅಂತ ನಿಂತರು. ಒಬ್ಬರನ್ನು ನೆನೆಯುವುದಕ್ಕೆ ಇನ್ನೊಬ್ಬರನ್ನು ತಗ್ಗಿಸಬೇಕಾಗಿಲ್ಲ. ನಮ್ಮ ಊರಿನ ಪಟ್ಟಿ ಮಾಡುವಾಗ ಇಬ್ಬರನ್ನೂ ಬರೆಯಿರಿ.

ಈಗ ನಮ್ಮ ಕಡೆಯವರ ವಿಷಯಕ್ಕೆ ಬರುತ್ತೇನೆ. ಸಿಂಗಪುರ ಬಿದ್ದಾಗ ಅಲ್ಲಿ ಮೈಸೂರು ಸಂಸ್ಥಾನದ ಒಂದನೇ ಮೈಸೂರು ಇನ್‌ಫೆಂಟ್ರಿ ಇತ್ತು. ಮಲಯಾಕ್ಕೆ ಸಂಸ್ಥಾನಗಳ ಪಡೆಗಳನ್ನು ತರಿಸಿಕೊಂಡದ್ದು ಮುಖ್ಯವಾಗಿ ವಿಮಾನ ನಿಲ್ದಾಣಗಳ ಕಾವಲಿಗೆ. ಇಡೀ ಪಲ್ಟನ್ ಸೆರೆಯಾಯಿತು. ಬೆಂಗಳೂರಿನಲ್ಲಿ ನೆಲೆಯಿದ್ದ, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನ ತುಕಡಿಗಳೂ ಅಲ್ಲಿ ಸೆರೆ ಸಿಕ್ಕವು. ಅದಕ್ಕೆ ಹಿಂದೆ, ಮೊದಲ ಮಹಾಯುದ್ಧದಲ್ಲಿ, 1916ರ ಏಪ್ರಿಲ್ 29ರಂದು ಇರಾಕಿನ ಕುತ್‌ನಲ್ಲಿ ತುರ್ಕರಿಗೆ ಶರಣಾದ ಸುಮಾರು 13,000 ಜನರಲ್ಲಿ 103, 110, 117ನೇ ಮರಾಠಾ ಪಲ್ಟನ್ನುಗಳಿದ್ದವು. ಆ ಮರಾಠಾ ಪಲ್ಟನ್ನುಗಳ ವಾರಸುದಾರ ಇವತ್ತಿನ ಮರಾಠಾ ಲೈಟ್ ಇನ್‌ಫೆಂಟ್ರಿ. ಅದರ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲೇ. ಕುತ್‌ನ ಕೈದಿಗಳನ್ನು ಬಾಗ್ದಾದಿನ ಮೇಲಿಂದ ಮರುಭೂಮಿಯಲ್ಲಿ ನಡೆಸಿಕೊಂಡು ಹೋಗಿ ರಾಸ್ ಅಲ್ ಐನ್ ಕಡೆ ರೈಲುಹಾದಿಯ ಕೆಲಸಕ್ಕೆ ಹಚ್ಚಿದರು. ದಾರಿಯಲ್ಲಿ ಬಿದ್ದವರ ಲೆಕ್ಕವನ್ನು ಯಾರೂ ಸರಿಯಾಗಿ ಇಡಲಿಲ್ಲ.

ಇಂಥವರಿಗೆ ಗೋರಿ ಇರುವುದಿಲ್ಲ. ಹಾಂಗ್‌ಕಾಂಗಿನ ಸಾಯ್ ವಾನ್ ಸ್ಮಶಾನದಲ್ಲಿ ಸಾಲುಸಾಲಾಗಿ ಕಲ್ಲುಗಳಿವೆ; ಜೊತೆಗೆ ಒಂದು ದಹನ ಸ್ಮಾರಕವೂ ಇದೆ. ತಮ್ಮ ಧರ್ಮದ ಪದ್ಧತಿಯಂತೆ ದಹನವಾದ 140ಕ್ಕೂ ಹೆಚ್ಚು ಸೈನಿಕರಿಗೆ ಸಂದದ್ದು ಅದು. ಗೋರಿ ಕಾಣಲಿಲ್ಲ ಅಂತ ಹಿಂದೂ, ಸಿಖ್ ಸೈನಿಕರ ಮನೆಯವರು ನಿರಾಶರಾಗಬಾರದು. ಅವರ ಹೆಸರು ಗೋಡೆಯ ಫಲಕದಲ್ಲಿರುತ್ತದೆ. ಸಿಂಗಪುರದ ಕ್ರಾಂಜಿಯಲ್ಲಿ ಗೋರಿ ಗೊತ್ತಿಲ್ಲದ 24,000ಕ್ಕೂ ಹೆಚ್ಚು ಹೆಸರುಗಳಿವೆ, ಅವುಗಳಲ್ಲಿ ಭಾರತೀಯರ ಹೆಸರುಗಳು ಬಹಳ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಮಾತ್ರ ದೊಡ್ಡ ಅನ್ಯಾಯ ನಡೆದಿದೆ. ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿದರು; ಸಿಪಾಯಿಗಳಿಗೆ ಪಲ್ಟನ್ನಿನ ಹೆಸರಿನ ಕೆಳಗೆ ‘ಇಷ್ಟು ಜನ’ ಅಂತ ಒಂದು ಸಂಖ್ಯೆ. ಈ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 2021ರಲ್ಲಿ ತಾನೇ ವರದಿ ಹೊರಡಿಸಿ ಇದನ್ನು ಒಪ್ಪಿಕೊಂಡಿತು. ಮೊದಲ ಮಹಾಯುದ್ಧದ ಏಷ್ಯಾ, ಆಫ್ರಿಕಾದ ಸೈನಿಕರಲ್ಲಿ 45,000ದಿಂದ 54,000 ಜನರನ್ನು ಸಮಾನವಾಗಿ ಸ್ಮರಿಸಲಿಲ್ಲ, ಕಡಿಮೆಯೆಂದರೂ 1,16,000 ಜನರ ಹೆಸರೇ ದಾಖಲಾಗಲಿಲ್ಲ ಅನ್ನುವ ಲೆಕ್ಕ ಅದರಲ್ಲಿದೆ.

ನಮ್ಮಲ್ಲಿ ಸತ್ತ ಯೋಧನಿಗೆ ಕಲ್ಲು ನಿಲ್ಲಿಸುವ ಪದ್ಧತಿ ಬಹಳ ಹಳೆಯದು. ವೀರಗಲ್ಲನ್ನು ನೀವೆಲ್ಲ ನೋಡಿದ್ದೀರಿ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಸನ್ನಿಧಿ. ಕೆಳಗಿನ ಕಾಳಗದಿಂದಲೇ ಉಳಿದದ್ದೆಲ್ಲ ಮೇಲೇರುತ್ತದೆ. ಕಾಳಗ ಮುಗಿದ ಮೇಲೆ, ಆಯುಧ ಕಳೆದುಕೊಂಡು, ಬೆರಿಬೆರಿಯಿಂದಲೋ ಭೇದಿಯಿಂದಲೋ ಸತ್ತವನನ್ನು ಆ ಕೆಳಗಿನ ಅಂಕಣದಲ್ಲಿ ಹೇಗೆ ತೋರಿಸುವುದು? ಕಮಿಷನ್ನಿನ ನಿಯಮ ಈ ವಿಷಯದಲ್ಲಿ ನನಗೆ ಹಿಡಿಸುತ್ತದೆ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ, ಸೇವೆಯಲ್ಲಿದ್ದು ಸತ್ತವರೆಲ್ಲರೂ ಲೆಕ್ಕಕ್ಕೆ. ಗುಂಡಿನಿಂದಲೇ ಸಾಯಬೇಕೆಂದಿಲ್ಲ.

ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಸಿಂಗಪುರದ ಭಾರತೀಯ ಕೈದಿಗಳಲ್ಲಿ ಹಲವರನ್ನು 1943ರಲ್ಲಿ ಹಡಗುಗಳಲ್ಲಿ ತುಂಬಿ ನ್ಯೂಗಿನಿಗೆ ಒಯ್ದರು. ದುಡಿಮೆ, ಮಲೇರಿಯಾ, ಹಸಿವು. ಜೊತೆಗೆ ಮಿತ್ರಪಡೆಗಳ ಬಾಂಬು. 1945ರ ಸೆಪ್ಟೆಂಬರ್ ಕೊನೆಯಲ್ಲಿ ಸೆಪಿಕ್ ನದಿಯ ಆಂಗೋರಮ್‌ನಲ್ಲಿ ಆಸ್ಟ್ರೇಲಿಯಾದವರಿಗೆ ಸಿಕ್ಕಾಗ ಒಂದು ದೊಡ್ಡ ಗುಂಪಿನಲ್ಲಿ ಉಳಿದಿದ್ದವರು 11 ಜನ. ಅವರಲ್ಲಿ ಜಮಾದಾರ್ ಚಿಂತ್ ಸಿಂಗ್ ಅವರನ್ನು ಯುದ್ಧಾಪರಾಧ ವಿಚಾರಣೆಯಲ್ಲಿ ಸಾಕ್ಷಿ ಹೇಳುವುದಕ್ಕೆಂದು ಅಲ್ಲೇ ಉಳಿಸಿಕೊಂಡರು. ಉಳಿದ 10 ಜನ ಊರಿಗೆ ಹೊರಟರು. ನವೆಂಬರಿನಲ್ಲಿ ರಬೌಲ್ ಹತ್ತಿರ ವಿಮಾನ ಬಿದ್ದು ಹತ್ತೂ ಜನ ಹೋದರು. ಇಷ್ಟೂ ಜನರ ಸಾವಿಗೆ ಉಳಿದ ಸಾಕ್ಷಿ ಒಬ್ಬರೇ. ಅವರೂ ಆ ವಿಮಾನ ಹತ್ತಿದ್ದರೆ?

ನಿಮ್ಮ ಊರಿನ ಒಬ್ಬನನ್ನು ಹುಡುಕಬೇಕು ಅಂದರೆ ಮನೆಯಿಂದ ಶುರು ಮಾಡಿ. ಮೊದಲ ಮಹಾಯುದ್ಧದ ಪದಕವಾದರೆ ಅಂಚನ್ನು ಬೆಳಕಿಗೆ ಓರೆ ಹಿಡಿದು ನೋಡಿ. ನಂಬರು, ದರ್ಜೆ, ಹೆಸರು, ಪಲ್ಟನ್ ಅಚ್ಚೊತ್ತಿರುತ್ತದೆ. ಉಜ್ಜಿ ಫಳಫಳ ಮಾಡಬೇಡಿ, ಅಕ್ಷರ ಸವೆಯುತ್ತದೆ. ಸುಮಾರು 12 ಸೆಂಟಿಮೀಟರ್ ಅಗಲದ ದುಂಡು ಕಂಚಿನ ಫಲಕ ಇದ್ದರೆ ಅದು ಸತ್ತವನ ಮನೆಯವರಿಗೆ ಕೊಟ್ಟದ್ದು. ಆದರೆ ಅದರಲ್ಲಿ ಹೆಸರು ಮಾತ್ರ ಇರುತ್ತದೆ, ದರ್ಜೆ, ಪಲ್ಟನ್ ಇರುವುದಿಲ್ಲ; ಸಾವಿನಲ್ಲಿ ದರ್ಜೆ ಬೇಡ ಅಂತ ಬೇಕೆಂದೇ ಬಿಟ್ಟದ್ದು. ಹಾಗಾಗಿ ಫಲಕವೊಂದೇ ಸಿಕ್ಕರೆ ಸಾಲದು. ಹಳೆಯ ಮನಿಯಾರ್ಡರ್ ತುಂಡು, ಪಿಂಚಣಿ ಪುಸ್ತಕ, ಶಿಬಿರದಿಂದ ಬಂದ ಅಚ್ಚಿನ ಪೋಸ್ಟ್‌ಕಾರ್ಡ್, ಯಾವುದನ್ನೂ ಎಸೆಯಬೇಡಿ. ನಂಬರು ಸಿಕ್ಕರೆ ಅರ್ಧ ಕೆಲಸ ಆದಂತೆ, ಯಾಕೆಂದರೆ ಹೆಸರು ನಂಬುವಂಥದ್ದಲ್ಲ.

ಹೆಸರು ಯಾಕೆ ನಂಬುವಂಥದ್ದಲ್ಲ? ನೇಮಕಾತಿ ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದ. ಮುನಿಸ್ವಾಮಿ ಅನ್ನುವುದು ಮುನುಸಾಮಿ, ಮುನಿಸಾಮಿ ಆಗುತ್ತದೆ. ಗೌಡ ಅನ್ನುವುದಕ್ಕೇ ಮೂರು ನಾಲ್ಕು ಕಾಗುಣಿತ. ಇನಿಷಿಯಲ್ಲು ಕೆಲವು ಕಡೆ ಹಿಂದೆ, ಕೆಲವು ಕಡೆ ಮುಂದೆ, ಕೆಲವು ಕಡೆ ಇಲ್ಲವೇ ಇಲ್ಲ. ಕಮಿಷನ್ನಿನ ವೆಬ್‌ಸೈಟಿನಲ್ಲಿ ಹುಡುಕುವಾಗ ಪೂರ್ತಿ ಹೆಸರು ಹೊಡೆದು ‘ಸಿಗಲಿಲ್ಲ’ ಅಂತ ಕೈಬಿಡುವವರು ಬಹಳ. ಹಾಗೆ ಮಾಡಬೇಡಿ. ಹೆಸರಿನ ಜಾಗ ಖಾಲಿ ಬಿಡಿ. ಯಾವ ಯುದ್ಧ, ಯಾವ ಸೇನೆ, ಯಾವ ಸ್ಮಾರಕ, ಇವನ್ನು ಹಾಕಿ, ರೆಜಿಮೆಂಟಿನ ಜಾಗದಲ್ಲಿ ಮೈಸೂರು ಅಂತ ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು, ಬಂದ ಪಟ್ಟಿಯನ್ನು ಸಾಲುಸಾಲಾಗಿ ಓದಿ. ಸ್ಯಾಪರ್ಸ್‌ನವರಾದರೆ ಮದ್ರಾಸ್ ಸ್ಯಾಪರ್ಸ್ ಅಂತಲೂ ನೋಡಿ, ಇಂಡಿಯನ್ ಎಂಜಿನಿಯರ್ಸ್ ಅಂತಲೂ ನೋಡಿ. ಹೆಸರಿನ ಕೆಳಗೆ ‘ಇಂಥವರ ಮಗ, ಇಂಥ ಊರು’ ಅಂತ ಒಂದು ಸಾಲು ಇರಬಹುದು. ಅದೇ ನಿಮ್ಮ ಚಿನ್ನ. ಊರಿನ ಹೆಸರನ್ನು ಗಟ್ಟಿಯಾಗಿ ಓದಿ ನೋಡಿ. ಕಣ್ಣಿಗೆ ಗುರುತು ಸಿಗದ ಹಳ್ಳಿ ಕಿವಿಗೆ ಸಿಗುತ್ತದೆ.

ತಾರೀಖಿನಲ್ಲೂ ಎಚ್ಚರ ಬೇಕು. ಒಂದೇ ಪಲ್ಟನ್ನಿನ ಹತ್ತಾರು ಜನರಿಗೆ ಒಂದೇ ತಾರೀಖು ಇದ್ದರೆ, ಅಥವಾ ಇಂಥ ದಿನದಿಂದ ಇಂಥ ದಿನದೊಳಗೆ ಅಂತ ಇದ್ದರೆ, ಅದು ಸತ್ತ ದಿನವೇ ಅಂತ ಹೇಳಲಾಗುವುದಿಲ್ಲ. ಕಾಣೆಯಾದವರನ್ನು ಸತ್ತರೆಂದು ಭಾವಿಸಿ ಕಚೇರಿಯಲ್ಲಿ ಹಾಕಿದ ದಿನ ಇರಬಹುದು. ಮನೆಯವರು ತಿಥಿ ಮಾಡುತ್ತಿದ್ದ ದಿನ ಬೇರೆ ಇರಬಹುದು. ಎರಡನ್ನೂ ಬರೆದುಕೊಳ್ಳಿ.

ಆಮೇಲೆ ರೆಜಿಮೆಂಟಿನ ಕಡೆ ಹೋಗಿ. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿ, ಸ್ಯಾಪರ್ಸ್‌ನದು ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ರಜಪೂತ್ ರೆಜಿಮೆಂಟಿನದು ಉತ್ತರಪ್ರದೇಶದ ಫತೇಗಢ. ಮೈಸೂರು ಇನ್‌ಫೆಂಟ್ರಿ ಸ್ವಾತಂತ್ರ್ಯದ ನಂತರ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಬಾಯಿಮಾತಿನಲ್ಲಿ ಕೇಳಿದರೆ ಕೆಲಸ ಆಗುವುದಿಲ್ಲ. ನಂಬರು, ಹೆಸರಿನ ಎಲ್ಲ ಕಾಗುಣಿತ, ಊರು, ಸಂಬಂಧ ಬರೆದು ಪತ್ರ ಕೊಡಿ. ಮೊದಲ ಮಹಾಯುದ್ಧದ ಕೈದಿಗಳ ಚೀಟಿಗಳನ್ನು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಜಾಲತಾಣದಲ್ಲಿ ಇಟ್ಟಿದೆ. ಎರಡನೇ ಯುದ್ಧದವರ ಬಗ್ಗೆ ಜಿನೀವಾಕ್ಕೆ ಬರೆದು ಕೇಳಬೇಕು.

ಊರಲ್ಲಿ ಕಲ್ಲು ಹಾಕಿಸುವವರು ದರ್ಜೆ, ಹೆಸರು, ನಂಬರು, ಪಲ್ಟನ್, ಸತ್ತ ಜಾಗ, ವರ್ಷ, ಇಷ್ಟನ್ನು ಬರೆಸಿ. ‘ಯುದ್ಧಕೈದಿಯಾಗಿ ಸತ್ತರು’ ಅನ್ನುವುದನ್ನು ಮುಚ್ಚಿ ‘ರಣರಂಗದಲ್ಲಿ ವೀರಮರಣ’ ಅಂತ ಹಾಕಬೇಡಿ. ಅದರಿಂದ ಅವನ ಗೌರವ ಹೆಚ್ಚುವುದಿಲ್ಲ. ಅವನು ಪಟ್ಟ ಪಾಡು ಅಳಿಸಿಹೋಗುತ್ತದೆ. ಗೊತ್ತಿಲ್ಲದ ಚಿತ್ರಹಿಂಸೆಯ ವಿವರ ಸೇರಿಸಬೇಡಿ. ಅಂತರ್ಜಾಲದಲ್ಲಿ ಸಿಕ್ಕ ಯಾರದೋ ಫೋಟೋ ಹಾಕುವುದಂತೂ ಬೇಡವೇ ಬೇಡ. ಫೋಟೋ ಇಲ್ಲದಿದ್ದರೆ ಹೆಸರು ಸಾಕು, ಆದರೆ ಆ ಹೆಸರು ಕನ್ನಡದಲ್ಲಿ ಅವನ ಮನೆಯವರು ಕರೆಯುತ್ತಿದ್ದಂತೆ ಇರಲಿ, ಗುಮಾಸ್ತನ ಕಾಗುಣಿತದಂತೆ ಅಲ್ಲ.

ಕಮಿಷನ್ನಿನ ದಾಖಲೆಯಲ್ಲಿ ತಪ್ಪು ಕಂಡರೆ, ಅಥವಾ ಹೆಸರೇ ಇಲ್ಲದಿದ್ದರೆ, ತಿದ್ದಿಸುವುದಕ್ಕೆ ಅರ್ಜಿ ಕೊಡಬಹುದು. ನೆನಪಿನ ಮಾತು, ವಂಶವೃಕ್ಷ, ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನ ಇವನ್ನು ಅವರು ಪುರಾವೆ ಅಂತ ತೆಗೆದುಕೊಳ್ಳುವುದು ಕಷ್ಟ. ಆ ಕಾಲದ ಸರ್ಕಾರಿ ಕಾಗದ ಬೇಕು: ಸೇವಾ ದಾಖಲೆ, ಸಾವಿನ ತಿಳಿವಳಿಕೆ ಪತ್ರ, ಪಿಂಚಣಿ ಆದೇಶ. ಎರಡು ಅಂಶ ಸಾಬೀತಾಗಬೇಕು, ಅವನು ಸೇವೆಯಲ್ಲಿದ್ದ ಅನ್ನುವುದು ಮತ್ತು ಮೊದಲು ಹೇಳಿದ ಕಮಿಷನ್ನಿನ ತಾರೀಖುಗಳ ಒಳಗೆ ಸತ್ತ ಅನ್ನುವುದು. ಮೂಲ ಕಾಗದ ಕಳಿಸಬೇಡಿ. ಎರಡೂ ಬದಿಯ ಸ್ಕ್ಯಾನ್ ಕಳಿಸಿ, ಹಿಂಬದಿಯ ಮೊಹರಿನಲ್ಲಿ ಪಲ್ಟನ್ನಿನ ಹೆಸರಿರುವುದುಂಟು. ಉತ್ತರ ಬರುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಕೊಟ್ಟ ಅರ್ಜಿಯ ಪ್ರತಿ, ತಾರೀಖು, ಅವರು ಕೊಡುವ ಸಂಖ್ಯೆ ಇವನ್ನು ಒಂದು ಫೈಲಿನಲ್ಲಿ ಹಾಕಿ ಮನೆಯ ಕಿರಿಯರೊಬ್ಬರ ಕೈಗೆ ಕೊಟ್ಟಿಡಿ.